ಕೂಸು ಹುಟ್ಟುವ ಮುಂಚೆ ಕುಲಾವಿ: ಜಬಲಾ, ಕುಲಾವಿ ಹೊಲಿಯುವ ಕ್ರಮ, ಜೊತೆಗೆ ಒಂದಿಷ್ಟು ಧೈರ್ಯದ ಮಾತು

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ. ಆತುರದವರನ್ನು ಆಡಿಕೊಳ್ಳೋಕೆ ನಮ್ಮಲ್ಲಿ ಹೇಳುವ ಗಾದೆ ಇದು. ಕುಲಾವಿ ಅಂದರೆ ಕೂಸಿನ ಟೊಪ್ಪಿಗೆ. ತಂಗಿಗೆ ಏಳು ತಿಂಗಳು ತುಂಬಿದಾಗ ನಾನು ಮೆಷಿನ್ ಮುಂದೆ ಕೂತಿದ್ದನ್ನು ನೋಡಿ ಅವ್ವ ಇದನ್ನೇ ಹೇಳಿದಳು. "ಈಗಿಂದನ ಯಾಕ ಶುರು ಮಾಡಿದಿ? ಕೂಸು ಬರಲಿ ತಡಿ" ಅಂದಳು. ಆಮೇಲೆ ತಾನೇ ಪೆಟ್ಟಿಗೆ ತೆಗೆದು, ತನ್ನ ಹಳೇ ಗುಳೇದಗುಡ್ಡದ ಖಣದ (ಕುಪ್ಪಸದ ಬಟ್ಟೆ) ತುಂಡು ತಂದು ಪಕ್ಕದಲ್ಲಿ ಇಟ್ಟು ಹೋದಳು.

ಆ ಗಾದೆಯಲ್ಲಿ ನಗು ಇದೆ, ಸ್ವಲ್ಪ ಭಯವೂ ಇದೆ. ಟೈಲರ್ ಕಣ್ಣಲ್ಲಿ ನೋಡಿದರೆ ಸರಿಯಾದ ಮಾತೂ ಹೌದು. ಇನ್ನೂ ಬಾರದ ತಲೆಗೆ ಅಳತೆ ತೆಗೆಯೋದು ಹೇಗೆ? ತೆಗೆಯೋಕೆ ಆಗಲ್ಲ. ಅದಕ್ಕೇ ಒಳಗೆ ಬಟ್ಟೆ ಬಿಡಬೇಕು. ಬೇಕಾದಾಗ ಬಿಚ್ಚಬಹುದು, ಮಡಿಸಬಹುದು ಅನ್ನೋ ಹಾಗೆ ಹೊಲಿಯಬೇಕು. ಕೆಳಗೆ ಹೇಳುವ ಕುಲಾವಿಯನ್ನೂ ಜಬಲಾವನ್ನೂ (ಎಳೆ ಕೂಸಿನ ಅಂಗಿ) ಹಾಗೇ ಕತ್ತರಿಸಿದ್ದು. ಅರ್ಧ ಮೀಟರ್ ಬಟ್ಟೆಯಲ್ಲಿ ಎರಡೂ ಆಗುತ್ತವೆ.

ಬಟ್ಟೆ

36 ಇಂಚು ಪನ್ನಾದ, ಅಂದರೆ ಅಗಲದ, ಬಿಳಿ ಮಲ್‌ಮಲ್ ಅರ್ಧ ಮೀಟರ್ ತನ್ನಿ. ಕೇಂಬ್ರಿಕ್ ಆದರೂ ಸರಿ, ಆದರೆ ಎಳೆ ಕೂಸಿಗೆ ಮಲ್‌ಮಲ್ಲೇ ಮೃದು. ಅಂಗಡಿಯಲ್ಲಿ "ಕಾಟನ್ ಮಿಕ್ಸ್ ಅಕ್ಕಾ, ಏನೂ ಆಗಲ್ಲ" ಅಂತ ಪಾಲಿಸ್ಟರ್ ಕೊಡೋಕೆ ನೋಡ್ತಾರೆ. ತಗೋಬೇಡಿ. ಬೆವರು ಹೀರಲ್ಲ.

ತಂದ ಬಟ್ಟೆಯನ್ನು ಕತ್ತರಿಸುವ ಮುಂಚೆ ಒಗೆಯಲೇಬೇಕು. ಬಿಸಿನೀರಲ್ಲಿ ಒಂದು ಗಂಟೆ ನೆನೆಹಾಕಿ, ಹಿಂಡಿ, ಬಿಸಿಲಲ್ಲಿ ಒಣಗಿಸಿ, ಇಸ್ತ್ರಿ ಮಾಡಿ. ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ಕುಗ್ಗುತ್ತದೆ. ಹೊಲಿದ ಮೇಲೆ ಕುಗ್ಗಿದರೆ ಅಳತೆ ಎಲ್ಲ ಹೋಯಿತು. ಹೊಸ ಬಟ್ಟೆಯ ಗಂಜಿಯೂ ಇದರಲ್ಲೇ ಹೋಗುತ್ತದೆ.

ಅಜ್ಜಿಯ ಹಳೇ ಕಾಟನ್ ಸೀರೆ ಇದ್ದರೆ ಇನ್ನೂ ಒಳ್ಳೇದು. ನೂರು ಸಲ ಒಗೆದ ಬಟ್ಟೆಯ ಮೃದುತನ ಅಂಗಡಿಯಲ್ಲಿ ಸಿಗಲ್ಲ. ಬೆಳಕಿಗೆ ಹಿಡಿದು ನೋಡಿ. ಎಳೆಗಳು ಸರಿದು ತೆಳ್ಳಗಾದ ಜಾಗ ಬಿಟ್ಟು, ಗಟ್ಟಿ ಇರೋ ಕಡೆ ಕತ್ತರಿಸಿ. ಸಾಮಾನ್ಯವಾಗಿ ಸೆರಗಿನ ಹತ್ತಿರ ಗಟ್ಟಿ ಇರುತ್ತದೆ, ಕೂತು ಎದ್ದು ಸವೆದ ಜಾಗ ಲಡ್ಡಾಗಿರುತ್ತದೆ.

ಮಲ್‌ಮಲ್‌ಗೆ ಮೆಷಿನ್ ಸೂಜಿ 9 ಇಲ್ಲವೇ 11 ನಂಬರ್ ಹಾಕಿ. ದಪ್ಪ ಸೂಜಿ ಹಾಕಿದರೆ ತೂತು ಕಾಣುತ್ತದೆ, ಬಟ್ಟೆ ಸುಕ್ಕಾಗುತ್ತದೆ. ಗುಂಡುಸೂಜಿ ಎಣಿಸಿ ತೆಗೆದುಕೊಳ್ಳಿ, ಎಣಿಸಿ ವಾಪಸ್ ಇಡಿ. ನಾನು ಯಾವಾಗಲೂ ಹನ್ನೆರಡು ತಗೋತೀನಿ. ಹನ್ನೊಂದೇ ಸಿಕ್ಕರೆ ಹನ್ನೆರಡನೆಯದು ಸಿಗೋವರೆಗೂ ಆ ಬಟ್ಟೆ ಕೂಸಿನ ಹತ್ತಿರ ಹೋಗಲ್ಲ. ಮೆಷಿನ್ ಸೂಜಿ ಮುರಿದರೂ ಅಷ್ಟೇ. ತುಂಡುಗಳನ್ನು ಜೋಡಿಸಿ ಪೂರ್ತಿ ಸೂಜಿ ಆಯ್ತಾ ನೋಡಿ.

ಅಳತೆ

ತಿಂಗಳು ತುಂಬಿ ಹುಟ್ಟಿದ ಕೂಸಿನ ತಲೆ ಸುತ್ತಳತೆ ಸುಮಾರು 13½ರಿಂದ 14 ಇಂಚು. ಮೂರು ತಿಂಗಳಿಗೆ 16ರ ಹತ್ತಿರ, ಆರು ತಿಂಗಳಿಗೆ 17, ವರ್ಷಕ್ಕೆ 18. ಗಮನಿಸಿ: ಮೊದಲ ಮೂರು ತಿಂಗಳಲ್ಲೇ ಎರಡು ಇಂಚು ಬೆಳೆಯುತ್ತದೆ. ಆಮೇಲೆ ನಿಧಾನ. ಹುಟ್ಟಿದಾಗ ಎದೆ ಸುತ್ತಳತೆ ತಲೆಗಿಂತ ಸ್ವಲ್ಪ ಕಡಿಮೆಯೇ ಇರುತ್ತದೆ. ಹಾಗಾಗಿ ತಲೆ ಮೇಲಿಂದ ಎಳೆದು ಹಾಕುವ ಅಂಗಿ ಎಳೆ ಕೂಸಿಗೆ ಬೇಡ. ಮುಂದೆ ತೆರೆದು, ಕಸೆ ಕಟ್ಟುವ ಜಬಲಾ ಸುಲಭ. ಅಮ್ಮನ ಕೈ ನಡುಗುತ್ತಿದ್ದರೂ ತೊಡಿಸಬಹುದು.

ಕುಲಾವಿ

ಒಗೆದು ಒಣಗಿಸಿದ ಬಟ್ಟೆಯಲ್ಲಿ ಮೊದಲು ಜಬಲಾಗೆ 24 ಇಂಚು ಉದ್ದ, 16 ಇಂಚು ಅಗಲದ ತುಂಡು ತೆಗೆದು ಪಕ್ಕಕ್ಕಿಡಿ. ಉದ್ದವನ್ನು ಪನ್ನಾದ ದಿಕ್ಕಿಗೆ ಹಿಡಿಯಿರಿ, ಆಗ ಹೊಂದುತ್ತದೆ. ಉಳಿದದ್ದರಲ್ಲಿ ಕುಲಾವಿಗೆ 14 ಇಂಚು ಉದ್ದ, 8½ ಇಂಚು ಅಗಲದ ತುಂಡು. ಖಣದಲ್ಲಿ 14 ಇಂಚು ಉದ್ದ, 2½ ಇಂಚು ಅಗಲದ ಒಂದು ಪಟ್ಟಿ. ಬಣ್ಣ ಬಿಡುತ್ತಾ ಅಂತ ಖಣವನ್ನು ಮೊದಲೇ ನೆನೆಸಿ ನೋಡಿ. ಬಿಟ್ಟರೆ ಆ ತುಂಡು ಬೇಡವೇ ಬೇಡ.

ಖಣವನ್ನು ತಿರುಗಿಸಿ ಹಿಂಬದಿ ನೋಡಿದ್ದೀರಾ? ಮೇಲೆ ಎಷ್ಟು ಚೆಂದವೋ ಕೆಳಗೆ ಅಷ್ಟು ಒರಟು. ಅದು ಕೂಸಿನ ಹಣೆಗೆ ತಾಗಬಾರದು. ಹಾಗಾಗಿ ಪಟ್ಟಿಯನ್ನು ಹೀಗೆ ಹೊಲಿಯಿರಿ. ಮಲ್‌ಮಲ್‌ನ ಒಳಮೈ ಮೇಲೆ ಬರುವಂತೆ ಹಾಸಿ. ಅದರ 14 ಇಂಚಿನ ಒಂದು ಅಂಚಿಗೆ ಖಣದ ಪಟ್ಟಿಯನ್ನು ಚೆಂದದ ಮೈ ಕೆಳಮುಖವಾಗಿ ಇಟ್ಟು, ಅಂಚಿಗೆ ಅಂಚು ಕೂಡಿಸಿ, ಅರ್ಧ ಇಂಚು ಒಳಗೆ ಹೊಲಿಯಿರಿ. ಹೊಲಿಗೆಯ ಅಂಚನ್ನು ಕಾಲು ಇಂಚಿಗೆ ಟ್ರಿಮ್ ಮಾಡಿ. ಈಗ ಪಟ್ಟಿಯನ್ನು ಹೊರಮೈಗೆ ಮಗುಚಿ, ಇಸ್ತ್ರಿ ಒತ್ತಿ. ಪಟ್ಟಿಯ ಇನ್ನೊಂದು ಅಂಚನ್ನು ಅರ್ಧ ಇಂಚು ಒಳಗೆ ಮಡಿಸಿ ಮೇಲಿಂದ ಹೊಲಿಗೆ ಹಾಕಿ. ಒಂದೂವರೆ ಇಂಚಿನ ಖಣ ಹೊರಗೆ ಕಾಣುತ್ತದೆ. ಒಳಗೆ ಬರೀ ಮಲ್‌ಮಲ್.

ನನಗೆ ಇಡೀ ಕುಲಾವಿಯಲ್ಲಿ ಇಷ್ಟವಾದ ಹೊಲಿಗೆ ಇದೇ. ಒಳಗೂ ಹೊರಗೂ ಶುದ್ಧ ಇರಬೇಕು ಅಂತ ಶರಣರು ಹೇಳಿದ್ದನ್ನು ಚಿಕ್ಕಂದಿನಿಂದ ಕೇಳಿ ಬೆಳೆದವಳು ನಾನು. ಆದರೆ ಅದು ಕೈಗೆ ತಿಳಿದದ್ದು ಕುಲಾವಿ ಹೊಲಿಯುವಾಗ. ನೋಡುವವರಿಗೆ ಹೊರಗು ಸಾಕು. ಕೂಸಿಗೆ ಗೊತ್ತಾಗೋದು ಒಳಗು ಮಾತ್ರ.

ಮುಂದಿನದು ಟಕ್. ನಮ್ಮ ಲಂಗಗಳಿಗೆ ಕೆಳಗೆ ಎರಡು ಮಡಿಕೆ ಹೊಲಿಸಿ, ವರ್ಷಕ್ಕೊಂದು ಬಿಚ್ಚುತ್ತಿದ್ದರಲ್ವಾ, ಅದೇ ಉಪಾಯ. ಖಣದ ಪಟ್ಟಿಯಿಂದ ಅರ್ಧ ಇಂಚು ಹಿಂದೆ ಬಟ್ಟೆಯನ್ನು ಹೊರಮೈ ಕಡೆಗೆ ಮಡಿಸಿ, ಮಡಿಕೆಯ ತುದಿಯಿಂದ ಅರ್ಧ ಇಂಚು ಬಿಟ್ಟು ಉದ್ದಕ್ಕೂ ಹೊಲಿಯಿರಿ. ಒಂದು ಇಂಚು ಬಟ್ಟೆ ಅದರಲ್ಲಿ ಅಡಗಿ ಕೂರುತ್ತದೆ. ಈ ಹೊಲಿಗೆಯನ್ನು ಮಾತ್ರ ಉದ್ದುದ್ದ ಹಾಕಿ, ಮೆಷಿನ್‌ನಲ್ಲಿ ಹೊಲಿಗೆಯ ಉದ್ದ 4ಕ್ಕೆ ತಿರುಗಿಸಿ. ಮುಂದೆ ಬಿಚ್ಚಬೇಕಲ್ಲ.

ಆಮೇಲೆ ಎರಡು ಗಿಡ್ಡ ಅಂಚುಗಳನ್ನು ಕಾಲು ಇಂಚಿನಂತೆ ಎರಡು ಸಲ ಒಳಗೆ ಮಡಿಸಿ ಹೊಲಿಯಿರಿ. ಇವು ಕತ್ತಿನ ಕಡೆ ಬರುತ್ತವೆ. ಹಿಂದಿನ ಉದ್ದ ಅಂಚನ್ನು ಮೊದಲು ಕಾಲು ಇಂಚು, ಆಮೇಲೆ ಅರ್ಧ ಇಂಚು ಮಡಿಸಿ ಹೊಲಿದರೆ ನೇಫಾ ಆಯಿತು. ಅದರೊಳಗೆ ತೆಳು ಹತ್ತಿ ಲಾಡಿ ಹಾಯಿಸಿ ಎಳೆಯಿರಿ. ಹಿಂದಿನ ಅಂಚು ಮುದುಡಿ ಸಣ್ಣ ವೃತ್ತವಾಗಿ, ಬಟ್ಟೆ ಟೊಪ್ಪಿಗೆಯ ಆಕಾರಕ್ಕೆ ಬರುತ್ತದೆ. ಈ ಕ್ಷಣ ನೋಡೋಕೆ ಖುಷಿ, ಚಪ್ಪಟೆ ಬಟ್ಟೆಗೆ ತಲೆ ಬಂದ ಹಾಗೆ! ಲಾಡಿಯ ತುದಿಗಳನ್ನು ಗಂಟು ಹಾಕಿ, ಎರಡು ಇಂಚು ಉಳಿಸಿ, ಗಂಟನ್ನೂ ತುದಿಯನ್ನೂ ನೇಫಾದೊಳಗೆ ತಳ್ಳಿ ಬಾಯಿಯನ್ನು ಕೈಯಿಂದ ಹೊಲಿದುಬಿಡಿ. ಕೂಸು ಅಂಗಾತ ಮಲಗಿರುತ್ತದೆ, ಗಂಟು ಹೊರಗಿದ್ದರೆ ಒತ್ತುತ್ತದೆ.

ಕೊನೆಗೆ ಕಸೆ. ಮಿಕ್ಕ ಮಲ್‌ಮಲ್‌ನಲ್ಲಿ ಒಂದು ಇಂಚು ಅಗಲದ ಪಟ್ಟಿ ತೆಗೆದು ನಾಲ್ಕು ಪದರ ಮಡಿಸಿ ಹೊಲಿದು, 7 ಇಂಚಿನ ಎರಡು ಕಸೆ ಮಾಡಿ. ಖಣದ ಪಟ್ಟಿಯ ಎರಡು ಮೂಲೆಗೆ ಚೌಕದ ಹೊಲಿಗೆ, ನಡುವೆ ಅಡ್ಡ ಗೀಟು ಹಾಕಿ ಗಟ್ಟಿ ಮಾಡಿ. ಕಸೆ ಇದಕ್ಕಿಂತ ಉದ್ದ ಬೇಡ. ಮಕ್ಕಳ ಬಟ್ಟೆಯ ದಾರಗಳ ಬಗ್ಗೆ ಯುರೋಪಿನಲ್ಲಿ ಇಎನ್ 14682 ಅನ್ನೋ ಮಾನದಂಡ ಇದೆ. ಏಳು ವರ್ಷದ ಒಳಗಿನ ಮಕ್ಕಳ ಬಟ್ಟೆಯಲ್ಲಿ ಕತ್ತಿನ ಹತ್ತಿರ, ತಲೆಯ ಮೇಲೆ ಎಳೆದು ಕಟ್ಟುವ ದಾರವೇ ಬೇಡ ಅನ್ನುತ್ತದೆ. ಕಸೆ ಇಲ್ಲದ ಕುಲಾವಿ ನಮಗೆ ಊಹಿಸೋಕೂ ಆಗಲ್ಲ, ನಿಜ. ಆದರೆ ಆ ಎಚ್ಚರಿಕೆ ಸುಮ್ನೆ ಬಂದದ್ದಲ್ಲ. ತೊಡೆ ಮೇಲೆ ಇದ್ದಾಗ, ತೊಟ್ಟಿಲ ಕಾರ್ಯದ ಫೋಟೋಗೆ ಕಟ್ಟಿ. ಮನೆಯಲ್ಲಿ ಮಲಗಿಸುವಾಗ ಬಿಚ್ಚಿ ತೆಗೆದಿಡಿ. ಕೂಸಿನ ಮೈ ಬಿಸಿ ತಲೆಯಿಂದಲೂ ಹೊರಗೆ ಹೋಗುತ್ತದೆ. ಸದಾ ಮುಚ್ಚಿಟ್ಟರೆ ಮೈ ಕಾಯುತ್ತದೆ.

ಬೆನ್ನೂ ಮುಚ್ಚುವ ಕುಂಚಿಗೆ ಬೇಕು ಅನ್ನುವವರು ಕತ್ತಿನ ಅಂಚಿಗೆ 10 ಇಂಚು ಉದ್ದದ ನಿರಿಗೆಯ ತುಂಡು ಜೋಡಿಸಿದರೆ ಆಯಿತು. ನಾನು ಮಾತ್ರ ಅದನ್ನು ಚಳಿಗಾಲಕ್ಕೆ ಬಿಟ್ಟಿದ್ದೇನೆ.

ಜಬಲಾ

ಪಕ್ಕಕ್ಕಿಟ್ಟ 24 x 16ರ ತುಂಡನ್ನು ಮೊದಲು ಅಗಲದಲ್ಲಿ ಮಡಿಸಿ, ಆಮೇಲೆ ಉದ್ದದಲ್ಲಿ. ನಾಲ್ಕು ಪದರದ 8 x 12 ಆಯತ ಬರುತ್ತದೆ. ಉದ್ದದ ಮಡಿಕೆ ನಿಮ್ಮ ಎಡಕ್ಕೆ, ಭುಜದ ಮಡಿಕೆ ಮೇಲಕ್ಕೆ ಇರಲಿ. ಚಾಕ್‌ನಲ್ಲಿ ಗುರುತು ಹಾಕಿ:

- ಎಡ ಮೇಲಿನ ಮೂಲೆಯಿಂದ ಬಲಕ್ಕೆ 1¾ ಇಂಚು: ಕತ್ತಿನ ಅಗಲ.
- ಅದೇ ಮೂಲೆಯಿಂದ ಕೆಳಕ್ಕೆ ಅರ್ಧ ಇಂಚು ಹಿಂದಿನ ಕತ್ತು, 1¾ ಇಂಚು ಮುಂದಿನ ಕತ್ತು.
- ಬಲ ಮೇಲಿನ ಮೂಲೆಯಿಂದ ಕೆಳಕ್ಕೆ 4 ಇಂಚು: ತೋಳಿನ ಬಾಯಿ.
- ಮೇಲಿಂದ 4½ ಇಂಚು ಕೆಳಗೆ, ಎಡ ಮಡಿಕೆಯಿಂದ 5½ ಇಂಚು: ಕಂಕುಳು.
- ಕೆಳ ಅಂಚಿನಲ್ಲಿ ಎಡ ಮಡಿಕೆಯಿಂದ 6½ ಇಂಚು: ಘೇರು.

ತೋಳಿನ ಬಾಯಿಯಿಂದ ಕಂಕುಳಿಗೆ, ಅಲ್ಲಿಂದ ಘೇರಿಗೆ ಗೀಟು ಎಳೆಯಿರಿ. ಕಂಕುಳಲ್ಲಿ ಮೂಲೆ ಬೇಡ, ದುಂಡಗೆ ತಿರುಗಿಸಿ. ಅರ್ಧ ಇಂಚು ಮಾರ್ಜಿನ್ ಇದರಲ್ಲೇ ಸೇರಿದೆ. ಹೊಲಿದ ಮೇಲೆ ಎದೆ ಸುತ್ತ 20 ಇಂಚು ಬರುತ್ತದೆ. ಹುಟ್ಟಿದ ಕೂಸಿಗೆ ಜೋಲು, ಮೂರು ತಿಂಗಳಿಗೆ ಹದ.

ಹಿಂದಿನ ಕತ್ತನ್ನು ನಾಲ್ಕೂ ಪದರ ಸೇರಿಸಿ ಕತ್ತರಿಸಿ. ಮುಂದಿನ ಕತ್ತನ್ನು ಮೇಲಿನ ಎರಡು ಪದರಕ್ಕೆ ಮಾತ್ರ. ಆಮೇಲೆ ಬಿಡಿಸಿ, ಮುಂಭಾಗದ ನಡುಮಡಿಕೆಯನ್ನು ಕತ್ತಿನಿಂದ ಕೆಳಗಿನವರೆಗೆ ಸೀಳಿ. ನಾನು ಮೊದಲ ಸಲ ನಾಲ್ಕು ಪದರಕ್ಕೂ ಒಟ್ಟಿಗೆ ಕತ್ತರಿ ಆಡಿಸಿ, ಹಿಂದೂ ಮುಂದೂ ಬಾಯಿ ಬಿಟ್ಟ ಅಂಗಿ ಮಾಡಿದ್ದೆ. ಅದು ಈಗ ಕಿಟಕಿ ಒರೆಸುತ್ತಿದೆ.

ತೋಳಿನ ಬಾಯಿಯನ್ನು ಪಕ್ಕದ ಹೊಲಿಗೆಗಿಂತ ಮೊದಲೇ ಮಡಿಸಿ ಹೊಲಿದುಬಿಡಿ. ಆಮೇಲೆ ಅಷ್ಟು ಸಣ್ಣ ತೋಳು ಮೆಷಿನ್‌ನ ಪಾದದಡಿ ತಿರುಗಲ್ಲ.

ಪಕ್ಕಕ್ಕೆ ಫ್ರೆಂಚ್ ಸೀಮ್. ಹೊರಮೈ ಹೊರಗೇ ಇರುವಂತೆ ಮಡಿಸಿ ಅಂಚಿನಿಂದ ಕಾಲು ಇಂಚಿಗಿಂತ ಸ್ವಲ್ಪ ಕಡಿಮೆಗೆ ಮೊದಲ ಹೊಲಿಗೆ. ಅಂಚನ್ನು ಅರ್ಧಕ್ಕೆ ಟ್ರಿಮ್ ಮಾಡಿ, ಕಂಕುಳಿನ ತಿರುವಿನಲ್ಲಿ ಮೂರ್ನಾಲ್ಕು ಸಣ್ಣ ಕಚ್ಚು ಹಾಕಿ. ಹೊಲಿಗೆ ಕತ್ತರಿಸಬೇಡಿ, ಅದರ ಹತ್ತಿರದವರೆಗೆ ಮಾತ್ರ. ಈಗ ಒಳಮೈ ಹೊರಗೆ ತಿರುಗಿಸಿ, ಒತ್ತಿ, ಕಾಲು ಇಂಚಿಗಿಂತ ಒಂದು ಕೂದಲೆಳೆ ಜಾಸ್ತಿಗೆ ಎರಡನೇ ಹೊಲಿಗೆ. ಎಳೆ ಬಿಡುವ ಅಂಚೆಲ್ಲ ಒಳಗೇ ಬಂದಿಯಾಗುತ್ತದೆ. ಇಷ್ಟು ಕಷ್ಟ ಬೇಡ ಅನ್ನಿಸಿದರೆ ಮಾಮೂಲಿ ಹೊಲಿಗೆ ಹಾಕಿ, ಮೊದಲ ತಿಂಗಳು ಅಂಗಿಯನ್ನು ತಿರುವಿಯೇ ತೊಡಿಸಿ. ನೋಡಿದವರು ನಕ್ಕರೆ ನಗಲಿ. ಕೂಸಿನ ಕಂಕುಳು ಕೆಂಪಾಗಲ್ಲ.

ಕೆಳಗಿನ ಅಂಚು ಅರ್ಧ ಇಂಚು ಮಡಿಸಿ ಹೊಲಿಯಿರಿ. ಆಮೇಲೆ ಅಂಚು ಮುಚ್ಚೋಕೆ ಕ್ರಾಸ್ ಪಟ್ಟಿ: 1¼ ಇಂಚು ಅಗಲ, 32 ಇಂಚು ಉದ್ದ. ಹಳೇ ಸೀರೆಯಿಂದ ಓರೆಯಾಗಿ ಕತ್ತರಿಸಿ ಜೋಡಿಸಿಕೊಳ್ಳಿ. ನೇರ ಪಟ್ಟಿ ಕತ್ತಿನ ತಿರುವಿಗೆ ಕೂರಲ್ಲ, ಸುಕ್ಕುತ್ತದೆ. ಮುಂಭಾಗದ ಒಂದು ಕೆಳತುದಿಯಿಂದ ಶುರು ಮಾಡಿ, ಮೇಲೆ ಬಂದು, ಕತ್ತು ಸುತ್ತಿ, ಇನ್ನೊಂದು ಕೆಳತುದಿಯಲ್ಲಿ ಮುಗಿಸಿ. ಪಟ್ಟಿಯ ಕೊನೆಯ ಸುತ್ತನ್ನು ಕೈಯಿಂದ ಹೆಮ್ಮಿಂಗ್ ಮಾಡಿದರೆ ಮೃದುವಾಗಿ ಕೂರುತ್ತದೆ. ಕತ್ತಿನ ಕೆಳಗೊಂದು, ಅದರಿಂದ 3½ ಇಂಚು ಕೆಳಗೊಂದು ಜೊತೆ ಕಸೆ, ಒಂದೊಂದೂ 5 ಇಂಚು. ಗುಂಡಿ ಬೇಡ. ಕಿತ್ತು ಬಂದರೆ ನೇರ ಬಾಯಿಗೆ.

ಆಸ್ಪತ್ರೆಯ ಆ ವಾರ

ಬಟ್ಟೆ ಎಲ್ಲ ಮುಗಿದು, ಒಗೆದು, ಮಡಿಸಿಟ್ಟು ನಾಲ್ಕು ದಿನವೂ ಆಗಿರಲಿಲ್ಲ. ತಂಗಿಗೆ ಎಂಟು ತಿಂಗಳು ತುಂಬುವ ಮುಂಚೆಯೇ ಹೆರಿಗೆ ಆಯಿತು. ಕೂಸು 1.8 ಕೆ.ಜಿ. ತಲೆ 12 ಇಂಚು. ಎದೆಯ ಮೇಲೆ ಚರ್ಮಕ್ಕೆ ಚರ್ಮ ತಾಗುವಂತೆ ಮಲಗಿಸಿಕೊಳ್ಳಬೇಕು, ಮುಂದೆ ತೆರೆಯುವ ಅಂಗಿ, ಟೊಪ್ಪಿಗೆ, ಕಾಲುಚೀಲ ತನ್ನಿ ಅಂದರು ನರ್ಸ್. ಕಾಂಗರೂ ಆರೈಕೆ ಅಂತಾರೆ ಅದಕ್ಕೆ. 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾದಲ್ಲಿ, ಕೂಸುಗಳನ್ನು ಬೆಚ್ಚಗಿಡುವ ಪೆಟ್ಟಿಗೆಗಳು ಸಾಲದೇ ಹೋದಾಗ ಶುರುವಾದದ್ದಂತೆ. ಆ ಹೊತ್ತಿನಲ್ಲಿ ಕೂಸಿಗೆ ಟೊಪ್ಪಿಗೆ ಬೇಕೇ ಬೇಕು, ಅಲ್ಲಿ ನೋಡಿಕೊಳ್ಳುವವರು ಇರುತ್ತಾರೆ. ಮನೆಯಲ್ಲಿ ತೆಗೆಯಿರಿ ಅಂದದ್ದು ತಿಂಗಳು ತುಂಬಿದ, ಗಟ್ಟಿಮುಟ್ಟಾದ ಕೂಸಿನ ಮಾತು.

ನಾನು ಒಯ್ದ ಕುಲಾವಿ ಆ ತಲೆಗೆ ಮೂಗಿನವರೆಗೂ ಇಳಿಯಿತು. ಖಣ ಬೇಡ, ಬರೀ ಹತ್ತಿ ಸಾಕು ಅಂದರು. ಕಾರಿಡಾರ್‌ನ ಬೆಂಚಿನ ಮೇಲೆ ಕೂತು ಅವ್ವನ ಖಣವನ್ನು ಬಿಚ್ಚಿದೆ. ಮುಂದಿನ ಅಂಚನ್ನು ಮಡಿಸಿ ಹೊಲಿದು, ಗಿಡ್ಡ ಅಂಚುಗಳನ್ನು ತಲಾ ಒಂದು ಇಂಚು ಒಳಗೆ ಮಡಿಸಿದೆ. ಇನ್ನೊಂದು ಟಕ್ ಹಾಕಿದೆ. ಎಲ್ಲ ಕೈಹೊಲಿಗೆ.

ಆಗ ಏನು ಬೇಡಿಕೊಂಡೆ ಅಂತ ಕೇಳಿದರೆ, ಏನೂ ಬೇಡಿಕೊಳ್ಳಲಿಲ್ಲ. ಬೇಡೋಕೆ ಬಾಯೇ ಬರಲಿಲ್ಲ. ಸೂಜಿ ಒಳಗೆ ಹೋದಾಗ "ಓಂ ನಮಃ", ಹೊರಗೆ ಬಂದಾಗ "ಶಿವಾಯ". ಅಷ್ಟೇ. ಮನಸ್ಸು ಎಲ್ಲೆಲ್ಲೋ ಓಡುತ್ತಿತ್ತು, ಕೈ ಮಾತ್ರ ಆ ಎರಡು ಶಬ್ದದ ನಡುವೆ ಇತ್ತು. ಹನ್ನೆರಡನೇ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಅಂತ ಒಬ್ಬರಿದ್ದರು. ಹೆಸರಲ್ಲೇ ಸೂಜಿ. ಸೂಜಿಯನ್ನೂ ಪೂಜೆಯನ್ನೂ ಅವರು ಬೇರೆ ಬೇರೆ ಇಟ್ಟಿರಲಿಕ್ಕಿಲ್ಲ ಅಂತ ಆ ಬೆಂಚಿನ ಮೇಲೆ ನನಗೆ ಅನ್ನಿಸಿತು.

ನಿಮಗೂ ಇಂಥ ದಿನ ಬಂದರೆ ಹೀಗೆ ಮಾಡಿ ನೋಡಿ. ದೊಡ್ಡ ಕೆಲಸ ಹಿಡಿಯಬೇಡಿ. ಹೆಮ್ಮಿಂಗ್, ಕಚ್ಚಾ ಹೊಲಿಗೆ, ಕಸೆ ಇಂಥದ್ದು ಸಾಕು. ನಿಮ್ಮ ನಾಲಿಗೆಗೆ ಬರುವ ಹೆಸರು ಯಾವುದೋ ಅದನ್ನು ಹೊಲಿಗೆಗೊಂದರಂತೆ ಹೇಳಿ. ಎಣಿಸಬೇಡಿ. ಹೊಲಿಗೆ ಸೊಟ್ಟ ಹೋದರೆ ಬಿಚ್ಚಿ, ಮತ್ತೆ ಹಾಕಿ. ಕಣ್ಣು ಮಂಜಾದರೆ ಸೂಜಿ ಕೆಳಗಿಡಿ.

ಕೂಸು ಉಳಿದದ್ದು ನನ್ನ ಹೊಲಿಗೆಯಿಂದ ಅಂತ ನಾನು ಹೇಳುತ್ತಿಲ್ಲ. ವೈದ್ಯರು ಉಳಿಸಿದರು, ತಂಗಿಯ ಎದೆಯ ಬಿಸಿ ಉಳಿಸಿತು. ಹೊಲಿದಿಟ್ಟ ಬಟ್ಟೆ ಹಾಗೇ ಉಳಿದುಹೋದ ಮನೆಗಳೂ ಇವೆ. ಅವರಿಗೆ ನನ್ನ ಹತ್ತಿರ ಉಪದೇಶ ಇಲ್ಲ. ಆ ಬಟ್ಟೆ ಬಿಚ್ಚಬೇಡಿ, ಯಾರಿಗಾದರೂ ಕೊಡಲೇಬೇಕು ಅಂತಲೂ ಇಲ್ಲ. ಮುಂದೆ ಯಾವಾಗಲೋ ಕೊಡಬೇಕು ಅನ್ನಿಸಿದರೆ, ಹತ್ತಿರದ ಸರ್ಕಾರಿ ಆಸ್ಪತ್ರೆಯ ನವಜಾತ ಶಿಶುಗಳ ವಾರ್ಡಿನಲ್ಲಿ ಕೇಳಿ ನೋಡಿ. ಅಲ್ಲಿ ಸಣ್ಣ ಟೊಪ್ಪಿಗೆಗಳಿಗೆ ಯಾವಾಗಲೂ ಕೆಲಸ ಇರುತ್ತದೆ. ಏನು ತಗೋತಾರೆ, ಹೇಗೆ ಒಗೆದು ತರಬೇಕು ಅಂತ ಮೊದಲು ನರ್ಸ್ ಹತ್ತಿರ ವಿಚಾರಿಸಿ.

ನಮ್ಮ ಮೇಲಿನ ಮನೆಯ ಕ್ರೈಸ್ತ ಗೆಳತಿ ಆ ವಾರ ದಿನಾ ಊಟ ಕಳಿಸುತ್ತಿದ್ದಳು. ಅವಳ ಬೈಬಲ್‌ನಲ್ಲಿ ಯೊಪ್ಪ ಊರಿನ ತಬಿಥಾ ಅನ್ನೋ ಹೆಂಗಸಿನ ಕಥೆ ಇದೆಯಂತೆ. ತಬಿಥಾ ತೀರಿಕೊಂಡಾಗ ಊರಿನ ವಿಧವೆಯರು ಅಳುತ್ತಾ, ಆಕೆ ಹೊಲಿದುಕೊಟ್ಟ ಅಂಗಿಗಳನ್ನು ತಂದು ಯೇಸುವಿನ ಶಿಷ್ಯ ಪೇತ್ರನಿಗೆ ತೋರಿಸಿದರಂತೆ. ಆಕೆ ಎಂಥವಳು ಅಂತ ಬಾಯಲ್ಲಿ ಹೇಳೋ ಬದಲು ಬಟ್ಟೆ ತೋರಿಸಿದರು. ಗೆಳತಿ ಹೇಳಿದ ಮೇಲೆ ನನಗೆ ಆ ಕಥೆ ಮರೆತಿಲ್ಲ.

ಟಕ್ ಬಿಚ್ಚುವುದು

ಮೂರು ತಿಂಗಳ ಮೇಲೆ ತಂಗಿ ಫೋನ್ ಮಾಡಿದಳು. "ಅಕ್ಕಾ, ಕುಲಾವಿ ಬಿಗಿ ಆಗಾಕತ್ತೈತಿ."

ಇದಕ್ಕೆ ಕತ್ತರಿ ಬಳಸಬೇಡಿ. ಹೊಲಿಗೆ ಬಿಚ್ಚುವ ಕೊಕ್ಕೆ ಇಲ್ಲದಿದ್ದರೆ ಸೂಜಿಯ ಮೊನೆ ಸಾಕು. ನಾಲ್ಕೈದು ಹೊಲಿಗೆಗೆ ಒಂದರಂತೆ ಒಂದು ಬದಿಯ ದಾರ ಎತ್ತಿ ಹರಿಯುತ್ತಾ ಹೋಗಿ. ಆಮೇಲೆ ಇನ್ನೊಂದು ಬದಿಯ ದಾರ ಹಿಡಿದು ಎಳೆದರೆ ಪೂರ್ತಿ ಬರುತ್ತದೆ. ದಾರದ ಚೂರುಗಳನ್ನೆಲ್ಲ ಆರಿಸಿ ತೆಗೆಯಿರಿ. ಕೂಸಿನ ಬೆರಳಿಗೆ ಎಳೆ ಸುತ್ತಿಕೊಂಡರೆ ಅಪಾಯ. ಸೂಜಿ ಹೋದ ಸಾಲಿನಲ್ಲಿ ಸಣ್ಣ ತೂತುಗಳು ಕಾಣುತ್ತವೆ. ನೀರು ಚಿಮುಕಿಸಿ, ಉಗುರಿನಿಂದ ಹಿಂದೆ ಮುಂದೆ ಉಜ್ಜಿ, ಒಂದು ಸಲ ಒಗೆದರೆ ಎಳೆಗಳು ಮತ್ತೆ ಕೂಡಿಕೊಳ್ಳುತ್ತವೆ.

ತಂಗಿ ಎರಡೂ ಟಕ್ ಬಿಚ್ಚಿದಳು, ಗಿಡ್ಡ ಅಂಚಿನ ಮಡಿಕೆಗಳನ್ನೂ ಬಿಚ್ಚಿದಳು. ಕುಲಾವಿ ಸರಿಯಾಗಿ ಕೂತಿತು. ಮುಂದಿನ ವಾರ ಅವ್ವ ಬಸ್ ಹತ್ತಿ ಹೋಗಿ, ಚೀಲದಿಂದ ಖಣದ ಪಟ್ಟಿ ತೆಗೆದು, ತಾನೇ ಅದನ್ನು ಮತ್ತೆ ಹಚ್ಚಿ ಬಂದಳು.